ಅಂಗಡಿಗಳು ಮತ್ತೆ ತೆರೆದವು, ಗಾಯಗೊಂಡವರು ಎಲ್ಲಿ ಹೋದರು?

ಬೀದರ್ ಟೀಚರ್ · ಭಾನುವಾರ, ಬೆಳಿಗ್ಗೆ 7:40

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಮನಸ್ಸಿನಲ್ಲಿ ಕೊರೆಯುತ್ತಿದೆ. ಇಲ್ಲಿ ಬರೆದರೆ ಹಗುರಾಗಬಹುದು ಅನಿಸಿತು.

ಮಗಳನ್ನು ಹೈದರಾಬಾದಿಗೆ ಬಿಟ್ಟು ಬಂದೆ. ದಿಲ್‌ಸುಖ್‌ನಗರದಲ್ಲಿ ಕೋಚಿಂಗ್. ಹಾಸ್ಟೆಲ್ಲಿಗೆ ದುಡ್ಡು ಕಟ್ಟಿ, ಬಕೆಟ್, ಚಾಪೆ ಕೊಡಿಸಿ, ಕೋಠಿಯಲ್ಲಿ ಹಳೆ ಪುಸ್ತಕ ಹುಡುಕಿದೆವು. ಅವಳಿಗೆ ಹಸಿವಾಗಿತ್ತು. ಹತ್ತಿರದಲ್ಲೇ ಗೋಕುಲ್ ಚಾಟ್. ನಿಂತೇ ತಿನ್ನುವ ಜಾಗ, ಭುಜಕ್ಕೆ ಭುಜ ತಾಗುವಷ್ಟು ಜನ. ಮಗಳು ಪ್ಲೇಟ್ ಹಿಡಿದು ನಗುತ್ತಾ ನಿಂತಿದ್ದಳು. ನನಗೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ.

2007ರ ಆಗಸ್ಟ್ 25, ಶನಿವಾರ ಸಂಜೆ ಬಾಂಬ್ ಸಿಡಿದಿದ್ದು ಇಲ್ಲೇ. ಅದೇ ಸಂಜೆ ಲುಂಬಿನಿ ಪಾರ್ಕಿನಲ್ಲಿ ಲೇಸರ್ ಶೋ ನೋಡುತ್ತಾ ಕುಳಿತವರ ನಡುವೆ ಇನ್ನೊಂದು. ಎರಡೂ ಕಡೆ ಸೇರಿ 42 ಜನ ಸತ್ತರು. ಆಗ ನಾನು ಐದು ತಿಂಗಳ ಬಸುರಿ. ಅವತ್ತು ರಾತ್ರಿಯೆಲ್ಲಾ ಟಿವಿ ಮುಂದೆ ಕೂತಿದ್ದೆ, ಅತ್ತೆ ಬೈದು ಎಬ್ಬಿಸಿದ್ದರು. ಆ ಹೊಟ್ಟೆಯಲ್ಲಿದ್ದ ಕೂಸೇ ಈಗ ಅದೇ ಜಾಗದಲ್ಲಿ ನಿಂತು ತಿನ್ನುತ್ತಿತ್ತು. ಅವಳಿಗೆ ಈ ವಿಷಯ ಗೊತ್ತೇ ಇಲ್ಲ. ಹೇಳಲಾ ಬೇಡವಾ ಅಂತ ಯೋಚಿಸಿ ಸುಮ್ಮನಾದೆ.

ಅವಳ ಹಾಸ್ಟೆಲ್ ಇರುವ ದಿಲ್‌ಸುಖ್‌ನಗರದ ಕಥೆಯೂ ಹಾಗೇ ಇದೆ. 2013ರ ಫೆಬ್ರುವರಿ 21, ಸಂಜೆ ಏಳರ ಸುಮಾರು. ಸೈಕಲ್ ಮೇಲೆ ಇಟ್ಟಿದ್ದ ಎರಡು ಬಾಂಬ್, ಒಂದರ ಹಿಂದೆ ಒಂದು. 17-18 ಜೀವ ಹೋದವು, ನೂರಕ್ಕೂ ಜಾಸ್ತಿ ಜನ ಗಾಯಗೊಂಡರು. ಈಗ ಅಲ್ಲಿ ನಡೆದರೆ ಹಣ್ಣಿನ ಬಂಡಿ, ಮೊಬೈಲ್ ಕವರ್ ಮಾರುವವರು, ಮೆಟ್ರೋ ಕಂಬ.

ನಮ್ಮ ಬೀದರಿಗೆ ಹೈದರಾಬಾದ್ ಬೇರೆ ಊರಲ್ಲ. ದವಾಖಾನೆಗೆ ಅಲ್ಲಿ, ಮದುವೆ ಬಟ್ಟೆಗೆ ಅಲ್ಲಿ, ಓದಿಗೆ ಅಲ್ಲಿ. ಮೂರು ತಾಸಿನ ದಾರಿ. ಒಂದು ಊರು ಇಂಥದ್ದನ್ನು ಹೇಗೆ ನೆನಪಿಟ್ಟುಕೊಳ್ಳಬೇಕು? ಇಲ್ಲಿ ಕೂತ ನಾವು ಹೇಗೆ ನೆನಪಿಟ್ಟುಕೊಳ್ಳಬೇಕು? ಮತ್ತೆ ಫೆಬ್ರುವರಿ 21 ಬರುತ್ತಿದೆ. ನಿಮಗೆ ಏನನಿಸುತ್ತದೆ ಹೇಳಿ.

ತೊಗರಿ ಕಣಜ, ಕಲಬುರಗಿ · 8:15

ಅಕ್ಕಾ, ನೀವು ಅಲ್ಲಿ ನಿಂತು ತಿಂದಿರಲ್ಲ, ಅದೇ ದೊಡ್ಡ ಉತ್ತರ. ಬಾಂಬ್ ಇಟ್ಟವರಿಗೆ ಬೇಕಾಗಿದ್ದು ಆ ಜಾಗ ಖಾಲಿಯಾಗುವುದು. ಅದು ಆಗಲಿಲ್ಲ.

ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. 2024ರ ಮಾರ್ಚ್ 1ರಂದು ರಾಮೇಶ್ವರಂ ಕೆಫೆಯಲ್ಲಿ ಸ್ಫೋಟವಾದಾಗ ನಮ್ಮ ಆಫೀಸಿನ ಹುಡುಗರು ಊಟಕ್ಕೆ ಅಲ್ಲಿಗೇ ಹೊರಟಿದ್ದರು. ಕೈ ತೊಳೆಯುವ ಜಾಗದ ಹತ್ತಿರ ಬ್ಯಾಗ್ ಇಟ್ಟು ಹೋಗಿದ್ದರು. ದೇವರ ದಯೆ, ಯಾರ ಜೀವವೂ ಹೋಗಲಿಲ್ಲ. ಮಾರ್ಚ್ 9ಕ್ಕೆ ಮತ್ತೆ ತೆರೆದರು, ರಾಷ್ಟ್ರಗೀತೆ ಹಾಡಿ. ಬಾಗಿಲಲ್ಲಿ ತಪಾಸಣೆ ಬಂತು, ಸಾಲು ಮಾತ್ರ ಮೊದಲಿನಷ್ಟೇ ಉದ್ದ. ನಾನೂ ಆ ವಾರವೇ ಹೋಗಿ ಇಡ್ಲಿ ತಿಂದು ಬಂದೆ. ಭಯ ಇತ್ತು. ಆದರೂ ಹೋದೆ.

ಮುಂಬೈಯಲ್ಲಿ 2006ರ ಜುಲೈ 11ಕ್ಕೆ ಲೋಕಲ್ ರೈಲುಗಳಲ್ಲಿ ಹನ್ನೊಂದು ನಿಮಿಷದಲ್ಲಿ ಏಳು ಬಾಂಬ್ ಸಿಡಿದವು. ಮರುದಿನ ಬೆಳಿಗ್ಗೆ ಅದೇ ರೈಲು ಓಡಿದವು, ಅದೇ ಜನ ಹತ್ತಿದರು. ಊರು ಎದ್ದು ನಿಂತಿತು ಅನ್ನುವುದು ಅದಕ್ಕೇ ಅಲ್ವಾ?

ಯಾದಗಿರಿ ಸ್ಟೇಷನ್ ರಸ್ತೆ · 9:05

ತಮ್ಮಾ, ನಿನ್ನ ಧೈರ್ಯಕ್ಕೆ ಗೌರವ ಇದೆ. ಆದರೆ ಆ "ಎದ್ದು ನಿಂತ" ಮಾತು ಕೇಳಿದರೆ ನನಗೆ ಎದೆ ಹಿಂಡುತ್ತದೆ.

ನಮ್ಮ ಮನೆಯಲ್ಲಿ ಮೂರು ತಲೆಮಾರಿನವರು ಮುಂಬೈಗೆ ಗುಳೆ ಹೋದವರು. ಕಟ್ಟಡದ ಕೆಲಸ. ಮರುದಿನ ರೈಲು ಹತ್ತಿದ್ದು ಹುರುಪಿನಿಂದ ಅಂತ ಪೇಪರಿನವರು ಬರೆಯುತ್ತಾರೆ. ನಮ್ಮಪ್ಪ ಹತ್ತಿದ್ದು ಆ ದಿನದ ಕೂಲಿ ತಪ್ಪಿದರೆ ರಾತ್ರಿ ಅಕ್ಕಿ ಇರಲಿಲ್ಲ ಅಂತ. ಡಬ್ಬಿಯೊಳಗೆ ಯಾರೂ ಮಾತಾಡಲಿಲ್ಲ, ಎಲ್ಲರೂ ಮೇಲಿನ ಲಗೇಜ್ ಕಟ್ಟೆಯನ್ನೇ ನೋಡುತ್ತಿದ್ದರು ಅಂತ ಅವರು ಹೇಳುತ್ತಿದ್ದರು. ಭಯದಲ್ಲೇ ದುಡಿದವರಿಗೆ "ಎಂಥಾ ಧೈರ್ಯ" ಅಂದುಬಿಟ್ಟರೆ ಅವರ ಭಯವನ್ನು ಕೇಳುವವರೇ ಇಲ್ಲದ ಹಾಗೆ ಆಗುತ್ತದೆ.

2008ರ ನವೆಂಬರ್ 26ರ ಮುಂಬೈ ದಾಳಿ ನೋಡಿ. ತಾಜ್ ಹೋಟೆಲಿನ ಗುಮ್ಮಟದ ಹೊಗೆ ಎಲ್ಲರಿಗೂ ನೆನಪಿದೆ. ಲಿಯೋಪೋಲ್ಡ್ ಕೆಫೆ ಕೆಲವೇ ದಿನಕ್ಕೆ ಬಾಗಿಲು ತೆರೆಯಿತು, ಗೋಡೆಯ ಗುಂಡಿನ ತೂತುಗಳನ್ನು ಹಾಗೇ ಬಿಟ್ಟಿತು. ಜನ ಅದನ್ನು ನೋಡಲೆಂದೇ ಹೋಗುತ್ತಾರೆ. ಆದರೆ ಆ ರಾತ್ರಿ ಜಾಸ್ತಿ ಜನ ಸತ್ತಿದ್ದು ಸಿಎಸ್‌ಟಿ ರೈಲು ನಿಲ್ದಾಣದಲ್ಲಿ. 58 ಜನ. ನೆಲದ ಮೇಲೆ ಗಂಟುಮೂಟೆ ಇಟ್ಟುಕೊಂಡು, ದೂರದ ಊರಿನ ರೈಲಿಗೆ ಕಾದು ಕೂತವರು. ಹುಸೇನ್ ಸಾಗರ್ ಎಕ್ಸ್‌ಪ್ರೆಸ್ ರಾತ್ರಿ ಅಲ್ಲಿಂದಲೇ ಹೊರಟು ಕಲಬುರಗಿ, ವಾಡಿ ಮೇಲೆ ಹೈದರಾಬಾದಿಗೆ ಹೋಗುತ್ತದೆ. ಹಾಗೆ ಕೂತ ಜನ ಅಂದರೆ ನಮ್ಮಂಥವರೇ. ಅವರ ಹೆಸರು ಎಷ್ಟು ಜನಕ್ಕೆ ಗೊತ್ತು?

ಅಲ್ಲಿ ಒಬ್ಬರನ್ನು ಮಾತ್ರ ನಾನು ದಿನಾ ನೆನೆಯುತ್ತೇನೆ. ವಿಷ್ಣು ಝೇಂಡೆ. ರೈಲು ಬಂತು, ಹೊರಟಿತು ಅಂತ ಮೈಕಿನಲ್ಲಿ ಹೇಳುವ ಕೆಲಸದವರು. ಗುಂಡಿನ ಸದ್ದು ಕೇಳಿಯೂ ಓಡಿಹೋಗದೆ, ಯಾವ ಕಡೆ ಹೋಗಬೇಕು ಅಂತ ಜನರಿಗೆ ಮತ್ತೆ ಮತ್ತೆ ಕೂಗಿ ಹೇಳಿದರು. ಎಷ್ಟೋ ಜನ ಬದುಕಿದ್ದು ಆ ದನಿಯಿಂದ. ಈಗಲೂ ಯಾವುದೇ ಸ್ಟೇಷನ್ನಿನಲ್ಲಿ ಮೈಕಿನ ದನಿ ಕೇಳಿದರೆ ನನ್ನ ಕೈ ತಾನಾಗಿ ಎದೆಗೆ ಹೋಗುತ್ತದೆ.

ತೊಗರಿ ಕಣಜ, ಕಲಬುರಗಿ · 9:20

ಅಣ್ಣಾ, ಒಪ್ಪಿದೆ. ನಾನು ಹಾಗೆ ಯೋಚನೆ ಮಾಡಿರಲಿಲ್ಲ. ಇಡ್ಲಿ ತಿಂದು ಬಂದವನ ಧೈರ್ಯವೂ ಕೂಲಿಗೆ ಹೋದವರ ಧೈರ್ಯವೂ ಒಂದೇ ಅಲ್ಲ.

ವಾಡಿ ಜಂಕ್ಷನ್ · 9:48

ಎಲ್ಲರೂ ಹೈದರಾಬಾದ್, ಮುಂಬೈ ಅನ್ನುತ್ತಿದ್ದೀರಿ. ನಮ್ಮ ವಾಡಿ ಯಾರಿಗಾದರೂ ನೆನಪಿದೆಯಾ?

2000ರ ಜೂನ್ 8. ನಮ್ಮ ಊರಿನ ಚರ್ಚಿನಲ್ಲಿ ಬಾಂಬ್ ಸಿಡಿಯಿತು. ಅದೇ ದಿನ ಗೋವಾದಲ್ಲಿ, ಆಂಧ್ರದಲ್ಲಿ ಕೂಡ. ಮುಂದಿನ ತಿಂಗಳು ಹುಬ್ಬಳ್ಳಿ, ಬೆಂಗಳೂರಿನ ಚರ್ಚುಗಳಲ್ಲಿ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಬಾಂಬ್ ಸಾಗಿಸುತ್ತಿದ್ದ ವ್ಯಾನೇ ಸಿಡಿದು ಇಡೀ ಜಾಲ ಹೊರಬಂತು. ನಾನಾಗ ಏಳನೇ ತರಗತಿ. ಸಿಮೆಂಟ್ ಫ್ಯಾಕ್ಟರಿ ಇರುವ ಊರು, ಕಲ್ಲುಗಣಿಯಲ್ಲಿ ಮದ್ದು ಹಾರಿಸುವ ಸದ್ದು ನಮಗೆ ಹೊಸದಲ್ಲ. ಹಾಗಾಗಿ ಮೊದಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಪೊಲೀಸ್ ಜೀಪು, ಜನ, ಅಳು.

ನನ್ನ ಪಕ್ಕದ ಬೆಂಚಿನ ಗೆಳತಿ ಆ ಚರ್ಚಿಗೆ ಹೋಗುವವಳು. ಒಂದು ವಾರ ಶಾಲೆಗೆ ಬರಲಿಲ್ಲ. ಬಂದ ಮೇಲೆ ನಾವ್ಯಾರೂ ಏನೂ ಕೇಳಲಿಲ್ಲ. ಏನು ಕೇಳಬೇಕು ಅಂತ ಗೊತ್ತಿರಲಿಲ್ಲ. ಅದು ಇವತ್ತಿಗೂ ನನಗೆ ಚುಚ್ಚುತ್ತದೆ. ಕಲಬುರಗಿ ಜಿಲ್ಲೆಯವರಿಗೇ ಈ ಘಟನೆ ನೆನಪಿಲ್ಲ. ಊರು ಸಣ್ಣದಾದರೆ ನೆನಪೂ ಸಣ್ಣದಾಗುತ್ತದಾ?

ಬೀದರ್ ಟೀಚರ್ · 10:10

ನನಗೆ ನಿಜಕ್ಕೂ ಗೊತ್ತಿರಲಿಲ್ಲ ತಂಗಿ. ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಪಕ್ಕದ ಜಿಲ್ಲೆಯ ಊರಿನ ವಿಷಯ ಗೊತ್ತಿಲ್ಲ. ಆ ಗೆಳತಿ ಈಗ ಎಲ್ಲಿದ್ದಾಳೆ?

ವಾಡಿ ಜಂಕ್ಷನ್ · 10:14

ಪುಣೆಯಲ್ಲಿ, ಅಕ್ಕಾ. ಇವತ್ತು ಸಂಜೆ ಫೋನ್ ಮಾಡುತ್ತೇನೆ.

ಸೇಡಂ ಹುಡುಗ · 10:40

ತಪ್ಪು ತಿಳಿಯಬೇಡಿ. ಮರೆಯುವುದೇ ಒಳ್ಳೆಯದಲ್ವಾ? ಪ್ರತಿ ವರ್ಷ ಕ್ಯಾಂಡಲ್ ಹಚ್ಚಿ, ಟಿವಿಯಲ್ಲಿ ಅದೇ ರಕ್ತದ ಚಿತ್ರ ತೋರಿಸಿದರೆ ಗಾಯ ಒಣಗುವುದು ಹೇಗೆ? ನಮ್ಮ ಮನೆಯಲ್ಲಿ ಅಣ್ಣ ಅಪಘಾತದಲ್ಲಿ ಹೋದ. ಅವ್ವ ಅವನ ಫೋಟೋ ತೆಗೆದಿಟ್ಟ ಮೇಲೆಯೇ ಊಟ ಮಾಡಲು ಶುರು ಮಾಡಿದ್ದು.

ನೈಟ್ ಡ್ಯೂಟಿ ಸಿಸ್ಟರ್, ಕಲಬುರಗಿ · 11:02

ನಿಮ್ಮ ಅವ್ವ ಫೋಟೋ ತೆಗೆದಿಟ್ಟಿದ್ದು ಅವರೇ ತೆಗೆದುಕೊಂಡ ತೀರ್ಮಾನ, ತಮ್ಮಾ. ಅದು ಸರಿ. ಬೇರೆಯವರು ಬಂದು "ಸಾಕು ಮರೆತುಬಿಡಿ" ಅಂದಿದ್ದರೆ? ಮರೆಯುವ ಹಕ್ಕು ಮನೆಯವರದು. ನೆನಪಿಡುವ ಕೆಲಸ ಊರಿನದು. ಟಿವಿಯ ಆ ಚಿತ್ರಗಳ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ. ಅದನ್ನು ಮತ್ತೆ ಮತ್ತೆ ನೋಡಿದವರಿಗೆ, ಅದರಲ್ಲೂ ಮಕ್ಕಳಿಗೆ, ನಿದ್ದೆ ಕೆಡುತ್ತದೆ. ನಾನು ವಾರ್ಡಿನಲ್ಲಿ ಕಂಡಿದ್ದೇನೆ.

ಬಿದ್ರಿ ಕೆಲಸದವ · 12:30

ಎಲ್ಲರಿಗೂ ಸಲಾಂ, ನಮಸ್ಕಾರ. ನಾನು ಬೀದರಿನವನು, ಬಿದ್ರಿ ಪಾತ್ರೆಗೆ ಬೆಳ್ಳಿ ತಂತಿ ಕೂರಿಸುವ ಕೆಲಸ. ಬರೆಯಲಾ ಬೇಡವಾ ಅಂತ ಬೆಳಿಗ್ಗೆಯಿಂದ ಯೋಚಿಸಿದೆ.

2007ರ ಮೇ 18ರಂದು ಮಕ್ಕಾ ಮಸೀದಿಯಲ್ಲಿ ಸ್ಫೋಟವಾಯಿತು. ಶುಕ್ರವಾರದ ನಮಾಜಿನ ಹೊತ್ತು. 9 ಜನ ಸ್ಫೋಟಕ್ಕೆ, ಆಮೇಲೆ ನಡೆದ ಪೊಲೀಸ್ ಗೋಲಿಬಾರಿಗೆ 5 ಜನ ಸತ್ತರು. ನಮ್ಮ ಅಬ್ಬಾ ಹೈದರಾಬಾದಿಗೆ ಮಾಲು ಕೊಡಲು ಹೋದಾಗೆಲ್ಲಾ ಅಲ್ಲೇ ನಮಾಜು ಮಾಡುವವರು. ಆ ವಾರ ಹೋಗಿರಲಿಲ್ಲ, ಅಷ್ಟೇ. ಸತ್ತವರು ನಮ್ಮವರು ಅಂತ ಅಳುತ್ತಿರುವಾಗಲೇ ಹಳೇ ಊರಿನ ಹುಡುಗರನ್ನು ಹಿಡಿದು ಒಯ್ದರು. ಎಷ್ಟೋ ಹುಡುಗರ ಮೇಲಿನ ಕೇಸು ಆಮೇಲೆ ಬಿದ್ದುಹೋಯಿತು. ಸರ್ಕಾರ ಪರಿಹಾರವನ್ನೂ ಕೊಟ್ಟಿತು, ಹೈಕೋರ್ಟ್ ಆ ಪರಿಹಾರವನ್ನು ರದ್ದು ಮಾಡಿತು. ತನಿಖೆ ಬೇರೆ ಕಡೆ ತಿರುಗಿತು. 2018ರಲ್ಲಿ ವಿಚಾರಣೆ ಎದುರಿಸಿದ ಐವರೂ ಖುಲಾಸೆಯಾದರು. ಹಾಗಾದರೆ ಆ ಶುಕ್ರವಾರ ಹೋದವರ ಮನೆಯವರು ಯಾರನ್ನು ಕೇಳಬೇಕು?

ನನ್ನದೇ ಒಂದು ಮಾತು ಹೇಳುತ್ತೇನೆ. 2013ರ ಮಾರ್ಚಿನಲ್ಲಿ, ದಿಲ್‌ಸುಖ್‌ನಗರದ ಸ್ಫೋಟ ಆದ ಮರು ತಿಂಗಳು, ತಮ್ಮನಿಗೆ ಹೈದರಾಬಾದಿನಲ್ಲಿ ರೂಮು ಹುಡುಕುತ್ತಿದ್ದೆ. ಐದು ಮನೆಯಲ್ಲಿ ಹೆಸರು ಕೇಳಿದ ಮೇಲೆ "ಕೊಟ್ಟಾಗಿದೆ" ಅಂದರು. ಆರನೇ ಮನೆಯ ಅಜ್ಜಿ ಹೆಸರನ್ನೇ ಕೇಳಲಿಲ್ಲ. "ಊಟ ಆಯ್ತಾ?" ಅಂತ ತೆಲುಗಿನಲ್ಲಿ ಕೇಳಿದರು. ತಮ್ಮ ಅಲ್ಲಿ ಮೂರು ವರ್ಷ ಇದ್ದ. ಊರು ಚೇತರಿಸಿಕೊಂಡಿತು ಅಂದರೆ ನನ್ನ ಕಣ್ಣಿಗೆ ಆ ಅಜ್ಜಿ ಬರುತ್ತಾರೆ.

ಇನ್ನೊಂದು. ನಮ್ಮ ಬೀದರಿನ ಮಹಮೂದ್ ಗವಾನ್ ಮದರಸಾ ಎಲ್ಲರೂ ನೋಡಿದ್ದೀರಿ. 1472ರಲ್ಲಿ ಕಟ್ಟಿದ್ದು. ಮುಂದೆ ಎರಡು ಮಿನಾರ್ ಇದ್ದವು, ಈಗ ಒಂದೇ. 1696ರಲ್ಲಿ ಸಿಡಿಲು ಬಡಿದು ಮುಂಭಾಗ ಕುಸಿಯಿತು ಅನ್ನುತ್ತಾರೆ. ಬಿದ್ದಿದ್ದನ್ನು ಮತ್ತೆ ಕಟ್ಟಲಿಲ್ಲ, ಉಳಿದಿದ್ದನ್ನು ಕೆಡವಲಿಲ್ಲ. ನಾವು ದಿನಾ ಅದರ ಮುಂದೆ ಅಂಗಡಿಗೆ ಹೋಗುತ್ತೇವೆ, ಮಕ್ಕಳು ಅಲ್ಲಿ ಆಡುತ್ತಾರೆ. ಬಿದ್ದಿದ್ದು ಬಿದ್ದ ಹಾಗೇ ಕಾಣುತ್ತಿರಲಿ, ಬದುಕೂ ನಡೆಯಲಿ. ನನಗೆ ಅದು ಇಷ್ಟ.

ಆಳಂದ ರಸ್ತೆ · 12:55

ನೇಣು ಹಾಕಿ ಮೊದಲು. ಅದೇ ನಿಜವಾದ ಸ್ಮಾರಕ. ದಿಲ್‌ಸುಖ್‌ನಗರದ ಕೇಸಿನಲ್ಲಿ ಐವರಿಗೆ 2016ರಲ್ಲೇ ಮರಣದಂಡನೆ ಆಯಿತು. ಹೈಕೋರ್ಟ್ ಅದನ್ನು ಎತ್ತಿ ಹಿಡಿಯುವಷ್ಟರಲ್ಲಿ 2025ರ ಏಪ್ರಿಲ್ ಬಂತು. ಹನ್ನೆರಡು ವರ್ಷ! ಕಾಯುವವರ ಗತಿ ಏನು?

ಕೋರ್ಟ್ ರಸ್ತೆ ವಕೀಲ · 1:20

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ತಡವಾಗಿದ್ದು ತಪ್ಪೇ. ಆದರೆ ಅವಸರದ ಇನ್ನೊಂದು ಮುಖವನ್ನೂ ನೋಡಿ. 2006ರ ಮುಂಬೈ ರೈಲು ಸ್ಫೋಟದಲ್ಲಿ 12 ಜನರಿಗೆ 2015ರಲ್ಲಿ ಶಿಕ್ಷೆಯಾಯಿತು, ಅದರಲ್ಲಿ ಐವರಿಗೆ ಗಲ್ಲು. 2025ರ ಜುಲೈಯಲ್ಲಿ ಬಾಂಬೆ ಹೈಕೋರ್ಟ್ ಎಲ್ಲರನ್ನೂ ಖುಲಾಸೆ ಮಾಡಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿದೆ. 19 ವರ್ಷ ಆದ ಮೇಲೂ ಸತ್ತವರ ಮನೆಯವರಿಗೆ ಇಂಥವರೇ ಮಾಡಿದ್ದು ಅನ್ನುವ ಖಚಿತ ಉತ್ತರ ಸಿಕ್ಕಿಲ್ಲ. ತಪ್ಪು ಮಾಡಿದವನನ್ನೇ ಹಿಡಿದು, ಸಾಕ್ಷಿ ಗಟ್ಟಿ ಮಾಡಿ, ಬೇಗ ಮುಗಿಸಬೇಕು. ಮೂರೂ ಬೇಕು. ಒಂದು ಬಿಟ್ಟರೂ ಮನೆಯವರಿಗೆ ಮೋಸ.

ನಿವೃತ್ತ ಮಾಸ್ತರ, ಬಸವಕಲ್ಯಾಣ · 3:05

ಮಕ್ಕಳೇ, ಎಲ್ಲವನ್ನೂ ಓದಿದೆ. ನೆನಪಿನ ಮಾತು ಬಂತು, ಹಾಗಾಗಿ ಹಳೆಯದೊಂದು ಹೇಳುತ್ತೇನೆ.

ನಮ್ಮ ಜಿಲ್ಲೆಯ ಗೋರಟಾ. 1948ರ ಮೇ ತಿಂಗಳಲ್ಲಿ ರಜಾಕಾರರು, ಅಂದರೆ ಹೈದರಾಬಾದ್ ನಿಜಾಮನ ಪರ ಇದ್ದ ಸಶಸ್ತ್ರ ಪಡೆಯವರು, ಆ ಊರಿಗೆ ನುಗ್ಗಿ ಜನರನ್ನು ಕೊಂದರು. ನಮ್ಮಜ್ಜಿ ಆ ಹೆಸರು ಬಂದರೆ ಸಾಕು, ಒಲೆಯ ಮುಂದಿನಿಂದ ಎದ್ದು ಹೋಗುತ್ತಿದ್ದರು. ದೊಡ್ಡ ಸ್ಮಾರಕ ಆಗಿದ್ದು 2023ರಲ್ಲಿ. 75 ವರ್ಷ ಬೇಕಾಯಿತು. ಕಣ್ಣಾರೆ ಕಂಡವರಲ್ಲಿ ಬಹಳ ಮಂದಿ ಅಷ್ಟರಲ್ಲಿ ಹೋಗಿಬಿಟ್ಟಿದ್ದರು. ಆದರೂ ಆಯಿತಲ್ಲ, ಸಂತೋಷ.

1948ರ ಸೆಪ್ಟೆಂಬರಿನಲ್ಲೇ ಭಾರತದ ಸೇನೆ ನಿಜಾಮನ ರಾಜ್ಯಕ್ಕೆ ಬಂತು, ಅದನ್ನೇ ಪೊಲೀಸ್ ಕಾರ್ಯಾಚರಣೆ ಅನ್ನುತ್ತಾರೆ, ನಮಗೆ ಬಿಡುಗಡೆ ಸಿಕ್ಕಿತು. ಪ್ರತಿ ಸೆಪ್ಟೆಂಬರ್ 17ಕ್ಕೆ ಧ್ವಜ ಹಾರಿಸುತ್ತೇವೆ. ಆದರೆ ಆ ವಾರಗಳಲ್ಲೇ ನಮ್ಮ ಹಳ್ಳಿಗಳಲ್ಲಿ ಮುಸ್ಲಿಮರ ಮೇಲೆ ಭಾರಿ ಕೊಲೆ, ಲೂಟಿ ನಡೆದವು. ಪಂಡಿತ್ ಸುಂದರಲಾಲ್ ಸಮಿತಿ ಬಂದು ನೋಡಿ ವರದಿ ಕೊಟ್ಟಿತು. ಜಾಸ್ತಿ ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರ್ ಎರಡೂ ಇದ್ದವು. ಸತ್ತವರು 27 ಸಾವಿರದಿಂದ 40 ಸಾವಿರ ಅಂತ ಅವರ ಅಂದಾಜು. ಆ ವರದಿ ದಶಕಗಳ ಕಾಲ ಹೊರಗೇ ಬರಲಿಲ್ಲ.

ನಮ್ಮಜ್ಜಿಗೆ ಒಬ್ಬ ಮುಸ್ಲಿಂ ಗೆಳತಿ ಇದ್ದಳಂತೆ. ಎರಡನೇ ಸುದ್ದಿ ಬಂದ ದಿನ ಅಜ್ಜಿ ಅವಳ ಹೆಸರು ಹಿಡಿದು ಅತ್ತಿದ್ದು ನಮ್ಮಪ್ಪ ಕಂಡಿದ್ದರು. ಗೋರಟಾದವರಿಗೂ ಅತ್ತವಳು, ಇವಳಿಗೂ ಅತ್ತವಳು. ಶಾಲೆಯಲ್ಲಿ ನಾನು ಎರಡನ್ನೂ ಹೇಳಿದೆ. ಕೆಲವರಿಗೆ ಸಿಟ್ಟು ಬಂತು. ಆದರೂ ಹೇಳಿದೆ.

ಆಳಂದ ರಸ್ತೆ · 3:30

ಮಾಸ್ತರೇ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಚಿಟಗುಪ್ಪ ಲೈಬ್ರರಿ · 4:10

ಬೇರೆ ದೇಶದವರು ಮಾಡಿದ ಎರಡು ಸ್ಮಾರಕ ನನಗೆ ಬಹಳ ಹಿಡಿಸಿವೆ. ಸ್ಪೇನಿನ ಮ್ಯಾಡ್ರಿಡ್‌ನಲ್ಲಿ 2004ರ ಮಾರ್ಚ್ 11ರಂದು ಬೆಳಗಿನ ರೈಲುಗಳಲ್ಲಿ ಬಾಂಬ್ ಸಿಡಿದವು. ಅವರು ಪಾರ್ಕಿನಲ್ಲಿ 192 ಮರ ನೆಟ್ಟರು, ಆಲಿವ್ ಮತ್ತು ಸೈಪ್ರೆಸ್. ಸತ್ತವರಿಗೆ ತಲಾ ಒಂದು. ಅಮೆರಿಕದ ಒಕ್ಲಹೋಮಾದಲ್ಲಿ 1995ರ ಸ್ಫೋಟಕ್ಕೆ ಬಲಿಯಾದ 168 ಜನರಿಗೆ 168 ಖಾಲಿ ಕುರ್ಚಿ ಇಟ್ಟಿದ್ದಾರೆ. ಅದರಲ್ಲಿ 19 ಕುರ್ಚಿ ಸಣ್ಣವು, ಮಕ್ಕಳಿಗೆ. ಆ ಸಣ್ಣ ಕುರ್ಚಿಗಳ ಫೋಟೋ ನೋಡಿದ ದಿನ ನನಗೆ ಕೆಲಸ ಮಾಡಲು ಆಗಲಿಲ್ಲ.

ನಾವು ಬೀದರಿನಲ್ಲಿ ಬೇವಿನ ಗಿಡ ನೆಡಬಹುದಲ್ವಾ?

ಯಾದಗಿರಿ ಸ್ಟೇಷನ್ ರಸ್ತೆ · 4:25

ನೆಡೋಣ. ಆದರೆ ಏಪ್ರಿಲ್, ಮೇ ಬಿಸಿಲಿನಲ್ಲಿ ನೀರು ಯಾರು ಹಾಕುತ್ತಾರೆ ಅಂತ ಮೊದಲೇ ಹೆಸರು ಬರೆದಿಡೋಣ. ಸತ್ತವರ ಹೆಸರಿನ ಗಿಡ ಒಣಗಿ ನಿಂತರೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ.

ಕೋಟೆ ಓಣಿ · ರಾತ್ರಿ 9:50

ನಾನು ಇಲ್ಲಿ ಯಾವತ್ತೂ ಬರೆದವನಲ್ಲ. ಓದುವವನು ಅಷ್ಟೇ. ಇವತ್ತು ಮೂರು ಸಲ ಬರೆದು ಅಳಿಸಿದೆ.

2013ರ ಫೆಬ್ರುವರಿ 21ರಂದು ನಾನು ದಿಲ್‌ಸುಖ್‌ನಗರದಲ್ಲಿದ್ದೆ. ಬ್ಯಾಂಕ್ ಪರೀಕ್ಷೆಗೆ ಕೋಚಿಂಗ್. ಕ್ಲಾಸ್ ಮುಗಿಸಿ ಮಿರ್ಚಿ ತಿನ್ನೋಣ ಅಂತ ಬಸ್ ನಿಲ್ದಾಣದ ಕಡೆ ಹೊರಟಿದ್ದೆ. ಮೊದಲ ಸದ್ದಿಗೆ ಟ್ರಾನ್ಸ್‌ಫಾರ್ಮರ್ ಸಿಡಿಯಿತು ಅಂದುಕೊಂಡೆ. ಜನ ಓಡಿ ಬಂದರು, ನಾನೂ ಅವರ ಜೊತೆ ಓಡಿದೆ. ಓಡಿದ ಕಡೆಯೇ ಎರಡನೆಯದು.

ಆಮೇಲೆ ಸದ್ದೇ ಇರಲಿಲ್ಲ. ಜನರ ಬಾಯಿ ತೆರೆದಿತ್ತು, ಕೂಗು ಕೇಳುತ್ತಿರಲಿಲ್ಲ. ಒಬ್ಬ ಆಟೋದವನು ನನ್ನನ್ನೂ ಇನ್ನಿಬ್ಬರನ್ನೂ ಎಳೆದು ಹಾಕಿಕೊಂಡು ದವಾಖಾನೆಗೆ ಒಯ್ದ. ದುಡ್ಡು ತೆಗೆದುಕೊಳ್ಳಲಿಲ್ಲ. ಅವನ ಮುಖ ಮರೆತಿದ್ದೇನೆ. ಸೀಟಿನ ಹಸಿರು ಕವರ್ ನೆನಪಿದೆ.

ಮೀನಖಂಡದಲ್ಲಿ ಎರಡು ಚೂರು ಇದ್ದವು, ತೆಗೆದರು. ಎಡಗಿವಿಯ ತಮಟೆ ಹರಿದಿತ್ತು. "ತಾನಾಗೇ ಕೂಡುತ್ತದೆ" ಅಂದರು. ಕೂಡಲಿಲ್ಲ. ಮೂರು ವಾರಕ್ಕೆ ಅಪ್ಪ ಬಂದು ಬೀದರಿಗೆ ಕರೆತಂದರು. ಪರೀಕ್ಷೆ ಹೋಯಿತು. ಪರಿಹಾರಕ್ಕೆ ಒಂದು ಕಚೇರಿಗೆ ಎಂಟು ಸಲ ಓಡಾಡಿದೆ. "ಸಣ್ಣ ಗಾಯ" ಅಂತ ಬರೆದಿದ್ದರು. ಒಂಬತ್ತನೇ ಸಲ ಹೋಗಲಿಲ್ಲ.

ಈಗ ಝೆರಾಕ್ಸ್ ಅಂಗಡಿ ಇದೆ. ಮದುವೆಯಾಗಿದೆ, ಒಬ್ಬ ಮಗ ಇದ್ದಾನೆ. ಎಲ್ಲಾ ಚೆನ್ನಾಗಿದೆ ಅಂತ ಜನ ಅನ್ನುತ್ತಾರೆ. ಎಡಗಡೆಯಿಂದ ಕರೆದರೆ ನನಗೆ ಕೇಳುವುದಿಲ್ಲ. ಸೊಕ್ಕು ಅಂದುಕೊಳ್ಳುತ್ತಾರೆ. ರಾತ್ರಿ ಕಿವಿಯಲ್ಲಿ ಗುಂಯ್ ಅನ್ನುತ್ತದೆ. ದೀಪಾವಳಿಗೆ ಮಗ ಪಟಾಕಿ ಕೇಳಿದಾಗ ಬೈದುಬಿಡುತ್ತೇನೆ, ಆಮೇಲೆ ಹೋಗಿ ತಬ್ಬಿಕೊಳ್ಳುತ್ತೇನೆ. ಅವನಿಗೆ ಯಾಕೆ ಅಂತ ಹೇಳಿಲ್ಲ. ಹೆಂಡತಿಗೆ ಗೊತ್ತು, ಬೇರೆ ಯಾರಿಗೂ ಅಷ್ಟಾಗಿ ಗೊತ್ತಿಲ್ಲ.

ಪ್ರತಿ ವರ್ಷ ಆ ದಿನ ಪೇಪರಿನಲ್ಲಿ ಸತ್ತವರ ಸಂಖ್ಯೆ ಬರುತ್ತದೆ. ಗಾಯಗೊಂಡವರದೂ ಬರುತ್ತದೆ, ನೂರಾ ಚಿಲ್ಲರೆ. ಆ ಚಿಲ್ಲರೆಯಲ್ಲಿ ನಾನೂ ಒಬ್ಬ. ಟೀಚರ್, ನೀವು ಮಗಳ ವಿಷಯ ಬರೆದಿರಿ ನೋಡಿ, ಅದಕ್ಕೇ ಇಷ್ಟು ಬರೆದೆ. ಆ ಜಾಗ ಒಳ್ಳೆಯದು. ಹೆದರಬೇಡಿ. ಆಟೋದವನಂಥ ಜನ ಇರುವ ಜಾಗ.

ಬೀದರ್ ಟೀಚರ್ · 10:05

ತಮ್ಮಾ, ಏನು ಬರೆಯಬೇಕು ತಿಳಿಯುತ್ತಿಲ್ಲ. ನೀನು ನಮ್ಮ ಊರಲ್ಲೇ ಇದ್ದೀಯ. ನಿನ್ನ ಅಂಗಡಿಯಲ್ಲಿ ನಾನು ಪ್ರಶ್ನೆಪತ್ರಿಕೆ ಝೆರಾಕ್ಸ್ ಮಾಡಿಸಿದ್ದರೂ ಮಾಡಿಸಿರಬಹುದು.

ನೈಟ್ ಡ್ಯೂಟಿ ಸಿಸ್ಟರ್, ಕಲಬುರಗಿ · 10:40

ಡ್ಯೂಟಿಗೆ ಬಂದು ಓದಿದೆ. ತಮ್ಮಾ, ಇದನ್ನು ಅಕ್ಕನ ಮಾತು ಅಂತ ಕೇಳು.

ಸ್ಫೋಟದಲ್ಲಿ ಕಿವಿಯ ತಮಟೆ ಹರಿಯುವುದು ಬಹಳ ಸಾಮಾನ್ಯ. ಎಷ್ಟೋ ಜನರಿಗೆ ಕೆಲವು ವಾರ, ತಿಂಗಳಲ್ಲಿ ತಾನಾಗಿ ಕೂಡುತ್ತದೆ. ಕೂಡದಿದ್ದರೆ ಆಪರೇಷನ್ ಮಾಡಿ ಮುಚ್ಚಬಹುದು. ವರ್ಷಗಳಾದ ಮೇಲೂ ಮಾಡುತ್ತಾರೆ. ಒಳಗಿವಿಯ ನರಕ್ಕೆ ಪೆಟ್ಟಾಗಿದ್ದರೆ ಅದು ಬೇರೆ, ಆಗ ಕಿವಿಯ ಮಿಷನ್ ಸಹಾಯ ಮಾಡಬಹುದು. ಯಾವುದು ಅಂತ ತಿಳಿಯಲು ಒಂದು ಕೇಳುವ ಪರೀಕ್ಷೆ ಸಾಕು. ಜಿಲ್ಲಾ ಮೆಡಿಕಲ್ ಕಾಲೇಜಿನ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಹೋಗು. ಇಷ್ಟು ವರ್ಷ ಆಯಿತು ಅಂತ ಕೈ ಬಿಡಬೇಡ.

ಪಟಾಕಿಗೆ ಬೆಚ್ಚುವುದು, ನಿದ್ದೆಯಲ್ಲಿ ಏಳುವುದು, ಸುಮ್ಮನೆ ರೇಗುವುದು, ಇವೂ ಗಾಯವೇ. ಹಣೆಬರಹ ಅಲ್ಲ, ನಿನ್ನ ಸ್ವಭಾವವೂ ಅಲ್ಲ. ಔಷಧಿ ಇದೆ, ಮಾತಿನ ಚಿಕಿತ್ಸೆ ಇದೆ. ಟೆಲಿ-ಮನಸ್ ಅಂತ ಸರ್ಕಾರದ್ದೇ ಉಚಿತ ಫೋನ್ ಸೇವೆ ಇದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಯಾವಾಗ ಬೇಕಾದರೂ. ಮಗನಿಗೂ ಹೇಳು. ರಕ್ತದ ವಿವರ ಬೇಡ. "ಅಪ್ಪನಿಗೆ ಒಮ್ಮೆ ದೊಡ್ಡ ಸದ್ದಿನಿಂದ ಪೆಟ್ಟಾಗಿತ್ತು, ಅದಕ್ಕೇ ಸದ್ದು ಆಗಲ್ಲ" ಅಂದರೆ ಸಾಕು. ಇಲ್ಲದಿದ್ದರೆ ತನ್ನಿಂದಲೇ ಅಪ್ಪನಿಗೆ ಸಿಟ್ಟು ಬರುತ್ತದೆ ಅಂದುಕೊಳ್ಳುತ್ತವೆ ಮಕ್ಕಳು.

ಕೋರ್ಟ್ ರಸ್ತೆ ವಕೀಲ · 11:15

ಕಾನೂನಿನ ವಿಷಯ ನನ್ನ ಪಾಲಿಗೆ ಬಿಡಿ. ಭಯೋತ್ಪಾದನೆಗೆ ಬಲಿಯಾದ ನಾಗರಿಕರಿಗೆ 2008ರಿಂದ ಕೇಂದ್ರದ ಒಂದು ಯೋಜನೆ ಇದೆ. ಮೊದಲು 3 ಲಕ್ಷ ಇತ್ತು, ಆಮೇಲೆ 5 ಲಕ್ಷ ಮಾಡಿದರು. ಆದರೆ ಅದು ಸಾವಿಗೆ ಅಥವಾ ಶೇಕಡಾ 50ಕ್ಕಿಂತ ಕಡಿಮೆ ಇಲ್ಲದ ಶಾಶ್ವತ ಅಂಗವಿಕಲತೆಗೆ. ಒಂದೇ ಕಿವಿ ಹೋದರೆ ಶೇಕಡಾವಾರು ಅಷ್ಟು ಬರುವುದಿಲ್ಲ. ನಿಮ್ಮಂಥವರು ಜಾರಿ ಬೀಳುವುದು ಈ ಸಂದಿಯಲ್ಲೇ.

ಇದರ ಹೊರತಾಗಿ 2009ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ 357ಎ ಕಲಂ ಸೇರಿಸಿದರು. ಪ್ರತಿ ರಾಜ್ಯವೂ ಅಪರಾಧಕ್ಕೆ ಬಲಿಯಾದವರಿಗೆ ಪರಿಹಾರದ ಯೋಜನೆ ಮಾಡಬೇಕು ಅಂತ. ಈಗ ಅದು ಹೊಸ ಸಂಹಿತೆಯ 396ನೇ ಕಲಂ. ಇಷ್ಟು ತಡವಾದ ಮೇಲೆ ಸಿಕ್ಕೇ ಸಿಗುತ್ತದೆ ಅಂತ ನಾನು ಆಸೆ ಹಚ್ಚುವುದಿಲ್ಲ. ಪ್ರಯತ್ನ ಮಾತ್ರ ಮಾಡೋಣ. ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಸಲಹೆ ಉಚಿತ, ಫೋನ್ 15100. ನಿಮ್ಮ ಹಳೆ ದವಾಖಾನೆ ಚೀಟಿ, ಡಿಸ್ಚಾರ್ಜ್ ಕಾಗದ ಇದ್ದರೆ ತೆಗೆದಿಡಿ. ಒಂಬತ್ತನೇ ಸಲ ನಾನು ಜೊತೆಗೆ ಬರುತ್ತೇನೆ.

ಬಿದ್ರಿ ಕೆಲಸದವ · 11:30

ಭಾಯಿ, ಕೋಟೆ ಓಣಿ ಅಂದರೆ ನಮ್ಮ ಹಿಂದಿನ ಓಣಿಯೇ. ನಾಳೆ ಚಹಾಕ್ಕೆ ಬರುತ್ತೇನೆ.

ವಾಡಿ ಜಂಕ್ಷನ್ · ಸೋಮವಾರ, ಬೆಳಿಗ್ಗೆ 6:50

ಗೆಳತಿಗೆ ಫೋನ್ ಮಾಡಿದೆ. 25 ವರ್ಷದ ಮೇಲೆ ಆ ದಿನದ ಬಗ್ಗೆ ಕೇಳಿದೆ. ಒಂದು ತಾಸು ಮಾತಾಡಿದಳು. "ಯಾರೂ ಕೇಳಲೇ ಇಲ್ಲ ಕಣೇ" ಅಂದಳು.

ಬೀದರ್ ಟೀಚರ್ · 7:30

ರಾತ್ರಿ ಮಗಳಿಗೆ ಹೇಳಿದೆ. ಗೋಕುಲ್ ಚಾಟ್, ಬಸ್ ನಿಲ್ದಾಣ, ಎಲ್ಲಾ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಮ್ಮಾ, ಲುಂಬಿನಿ ಪಾರ್ಕಿನಲ್ಲಿ ಸತ್ತವರಲ್ಲಿ ಪ್ರವಾಸಕ್ಕೆ ಬಂದ ಕಾಲೇಜು ಮಕ್ಕಳೂ ಇದ್ದರಂತೆ, ಮಹಾರಾಷ್ಟ್ರದ ಸಂಗಮನೇರಿನವರು, ಈಗ ಓದಿದೆ" ಅಂದಳು. ಅವಳೇ ಹುಡುಕಿ ಓದುತ್ತಿದ್ದಾಳೆ. ಹೆದರಿಲ್ಲ. ಹೇಳಿದ್ದು ಒಳ್ಳೆಯದಾಯಿತು.

ಫೆಬ್ರುವರಿ 21ರ ಸಂಜೆ ಐದಕ್ಕೆ ಬರೀದ್ ಶಾಹಿ ಉದ್ಯಾನದಲ್ಲಿ ಸೇರೋಣ. ಬ್ಯಾನರ್ ಬೇಡ, ಭಾಷಣ ಬೇಡ. ನಮ್ಮ ಜಿಲ್ಲೆಗಳಿಂದ ಬೇರೆ ಊರಿಗೆ ಹೋಗಿ ಇಂಥದ್ದರಲ್ಲಿ ಗಾಯಗೊಂಡವರು ಗೊತ್ತಿದ್ದರೆ ಕರೆತನ್ನಿ. ಅವರಿಗೆ ಬರುವ ಮನಸ್ಸಿದ್ದರೆ ಮಾತ್ರ. ವಕೀಲರು ಅರ್ಜಿ ತರುತ್ತಾರೆ, ಸಿಸ್ಟರ್ ರಜೆ ಕೇಳಿದ್ದಾರೆ. ನಾನು ಚಹಾ ಮತ್ತು ಸುಸಲಾ ತರುತ್ತೇನೆ. ಎಷ್ಟು ಜನ ಬರುತ್ತೀರಿ ಅಂತ ತಿಳಿಸಿ, ಮಂಡಕ್ಕಿ ನೆನೆಸಬೇಕು.

ನಿವೃತ್ತ ಮಾಸ್ತರ, ಬಸವಕಲ್ಯಾಣ · 7:55

ಎರಡು ಗಂಟೆಯ ಬಸ್ಸಿಗೆ ಹೊರಡುತ್ತೇನೆ. ವಾಪಸ್ಸಿಗೆ ಕತ್ತಲಾದರೆ ಯಾರ ಮನೆಯಲ್ಲಾದರೂ ಮಲಗಲು ಒಂದು ಚಾಪೆ ಇರಲಿ.

ಆಳಂದ ರಸ್ತೆ · 8:02

ನನ್ನದೂ ಒಂದು ಹೆಸರು ಬರೆದುಕೊಳ್ಳಿ. ಮಾಸ್ತರನ್ನು ವಾಪಸ್ ಬಿಟ್ಟು ಬರಲು ನನ್ನ ಗಾಡಿ ಇದೆ.

ಕೋಟೆ ಓಣಿ · 8:20

ಬರುತ್ತೇನೆ. ಮಗನನ್ನೂ ಕರೆತರುತ್ತೇನೆ. ಮಾತಾಡುವವರು ನನ್ನ ಬಲಗಡೆ ಕೂತುಕೊಳ್ಳಿ.